ಮಣ್ಣಿನ ಬಲ ಅಳೆಯುವ ಅಂಗೈ ಉಪಕರಣ: ಬಳಕೆ, ಪಾಲನೆ, ಮಿತಿ

'ಮಣ್ಣು ಕುಸಿದು ಕಾರ್ಮಿಕರ ಸಾವು' - ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಸುದ್ದಿ ಇದು. ಒಳಚರಂಡಿಯ ಕೊಳವೆ ಹಾಕಲೆಂದೋ ಕಟ್ಟಡದ ಪಾಯ ತೆಗೆಯಲೆಂದೋ ಅಗೆದ ಕಂದಕ. ಆಳವೂ ಬಹಳವಿರುವುದಿಲ್ಲ, ಎಷ್ಟೋ ಸಲ ಒಂದಾಳು ಎತ್ತರವನ್ನು ಸ್ವಲ್ಪ ಮೀರಿರುತ್ತದೆ, ಅಷ್ಟೆ. ಬೆಳಗ್ಗೆ ಗೋಡೆಯಂತೆ ನೆಟ್ಟಗೆ ನಿಂತಿದ್ದ ಮಣ್ಣು ಮಧ್ಯಾಹ್ನ ಒಮ್ಮೆಲೇ ಜಾರುತ್ತದೆ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು 1.6ರಿಂದ 2 ಟನ್. ಎದೆಯವರೆಗೆ ಹೂತುಹೋದವನ ತಲೆ ಹೊರಗಿದ್ದರೂ ಉಸಿರೆಳೆದುಕೊಳ್ಳಲು ಅವನ ಎದೆ ಹಿಗ್ಗಲಾರದು.

ಮಣ್ಣು ನಿಲ್ಲುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯಲು ಸಾಧ್ಯವೇ? ರೈತ ಹಿಮ್ಮಡಿ ಊರಿ ನೆಲ ನೋಡುತ್ತಾನೆ. ಮೇಸ್ತ್ರಿ ಹಾರೆಯ ತುದಿಯಿಂದ ಕುಟ್ಟಿ ನೋಡುತ್ತಾನೆ. ಕುಂಬಾರ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಮೂವರೂ ಮಾಡುವ ಕೆಲಸ ಒಂದೇ: ಸಣ್ಣ ಜಾಗವೊಂದರ ಮೇಲೆ ಬಲ ಪ್ರಯೋಗಿಸಿ, ಮಣ್ಣು ಎಷ್ಟು ತಡೆ ಒಡ್ಡುತ್ತದೆ ಎಂದು ಅಂದಾಜು ಮಾಡುವುದು. ಆ ಹೆಬ್ಬೆರಳಿಗೆ ಒಂದು ಸ್ಪ್ರಿಂಗನ್ನೂ ಒಂದು ಅಳತೆಪಟ್ಟಿಯನ್ನೂ ಜೋಡಿಸಿದರೆ ಸಿಗುವುದೇ ಪಾಕೆಟ್ ಪೆನಿಟ್ರೋಮೀಟರ್. ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಈ ಉಪಕರಣ ಸಿವಿಲ್ ಇಂಜಿನಿಯರಿಂಗ್ ಮತ್ತು ಭೂವಿಜ್ಞಾನ ವಿಭಾಗಗಳಲ್ಲಿ ಪರಿಚಿತ. ಇದನ್ನು ಬಳಸುವುದು ಸುಲಭ. ತಪ್ಪಾಗಿ ಬಳಸುವುದು ಇನ್ನೂ ಸುಲಭ. ಆದ್ದರಿಂದ ಇದರ ಹಿಂದಿನ ಭೌತವಿಜ್ಞಾನವನ್ನು ಅರಿತು ಮುಂದುವರಿಯೋಣ.

ಮಣ್ಣಿನ ಬಲ ಎಂದರೇನು?

ಉಕ್ಕಿನ ತಂತಿಯ ಬಲವನ್ನು ಎಳೆದು ನೋಡುತ್ತೇವೆ. ಮಣ್ಣಿಗೆ ಆ ಮಾತು ಹೊಂದುವುದಿಲ್ಲ. ಮಣ್ಣು ಸೋಲುವುದು ಜಾರುವಿಕೆಯಿಂದ; ಒಂದು ಪದರ ಇನ್ನೊಂದರ ಮೇಲೆ ಸರಿಯುವುದರಿಂದ. ಹಾಗೆ ಸರಿಯದಂತೆ ಮಣ್ಣು ಒಡ್ಡುವ ತಡೆಯೇ ಅದರ ಶಿಯರ್ ಸಾಮರ್ಥ್ಯ. ವಿದ್ಯುತ್ ಬಲದ ನಿಯಮದಿಂದ ನಮಗೆಲ್ಲ ಪರಿಚಿತನಾದ ಕೂಲಂಬ್, 1773ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ಈ ತಡೆಗೆ ಎರಡು ಭಾಗಗಳಿವೆ ಎಂದು ತೋರಿಸಿದ್ದ. ಒಂದು, ಒತ್ತಡದೊಂದಿಗೆ ಹೆಚ್ಚುವ ಘರ್ಷಣೆ. ಇನ್ನೊಂದು, ಒತ್ತಡವಿಲ್ಲದಿದ್ದರೂ ಇರುವ ಅಂಟುಗುಣ. ಒಣ ಮರಳಿನಲ್ಲಿ ಘರ್ಷಣೆ ಮಾತ್ರ ಇದೆ. ಹಿಡಿ ಬಿಟ್ಟೊಡನೆ ಅದು ಸುರಿದುಹೋಗುತ್ತದೆ. ಜೇಡಿಮಣ್ಣು ಉಂಡೆಯಾಗಿಯೇ ಉಳಿಯುತ್ತದೆ.

ನೀರು ತುಂಬಿದ ಜೇಡಿಮಣ್ಣನ್ನು ಬೇಗ ಒತ್ತಿದಾಗ ಒಂದು ವಿಶೇಷ ನಡೆಯುತ್ತದೆ. ಅದರ ರಂಧ್ರಗಳು ಎಷ್ಟು ಕಿರಿದೆಂದರೆ ನೀರಿಗೆ ಹೊರಹೋಗಲು ಪುರಸೊತ್ತು ಸಿಗುವುದಿಲ್ಲ. ಹೊಸ ಒತ್ತಡವನ್ನು ಕಣಗಳ ಬದಲು ನೀರೇ ಹೊರುತ್ತದೆ. ಕಣಗಳ ನಡುವಿನ ಘರ್ಷಣೆ ಹೆಚ್ಚುವುದಿಲ್ಲ. ಆಗ ಮಣ್ಣಿನ ಸಾಮರ್ಥ್ಯವನ್ನು ಒಂದೇ ಸಂಖ್ಯೆಯಿಂದ ಹೇಳಬಹುದು. ಜೇಬಿನ ಉಪಕರಣ ಅಳೆಯುವುದು ಈ ಒಂದು ಸಂಖ್ಯೆಯನ್ನು. ಅಂದರೆ ಅದರ ಅಳತೆಗೆ ಅರ್ಥ ಬರುವುದು ತೇವವಿರುವ ಜೇಡಿಮಣ್ಣಿನಲ್ಲಿ. ಮರಳಿನಲ್ಲಿ ಅಥವಾ ಗರಸಿನಲ್ಲಿ ಅಲ್ಲ. ಬಳಕೆದಾರರು ಮರೆಯಬಾರದ ಮೊದಲ ಮಾತು ಇದು.

ಅಳತೆಪಟ್ಟಿಯ ಮೇಲಿರುವುದು ಇದಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ರಾಶಿ. ಸುತ್ತಲೂ ಆಧಾರವಿಲ್ಲದ ಮಣ್ಣಿನ ಸಿಲಿಂಡರನ್ನು ಮೇಲಿನಿಂದ ಒತ್ತಿದರೆ ಅದು ಓರೆಯಾದ ತಲದ ಗುಂಟ ಜಾರಿ ಮುರಿಯುತ್ತದೆ. ಮುರಿಯುವಾಗಿನ ಒತ್ತಡಕ್ಕೆ ಮುಕ್ತ ಸಂಪೀಡನ ಸಾಮರ್ಥ್ಯ ಎನ್ನೋಣ. 45 ಡಿಗ್ರಿ ಓರೆಯ ತಲದಲ್ಲಿ ಜಾರಿಸುವ ಬಲ ಅತಿ ಹೆಚ್ಚು. ಪ್ರತಿ ಚದರ ಸೆಂಟಿಮೀಟರಿಗೆ ಅದರ ಬೆಲೆ ಮೇಲಿನ ಒತ್ತಡದ ಅರ್ಧ. ಆದ್ದರಿಂದ ಶಿಯರ್ ಸಾಮರ್ಥ್ಯ ಬೇಕಾದರೆ ಪೆನಿಟ್ರೋಮೀಟರಿನ ಓದನ್ನು ಎರಡರಿಂದ ಭಾಗಿಸಬೇಕು. ಇದನ್ನು ಮರೆತು ಓದನ್ನೇ ಲೆಕ್ಕಕ್ಕೆ ಹಾಕಿದವರು ಮಣ್ಣಿಗೆ ಇಲ್ಲದ ಇಮ್ಮಡಿ ಬಲವನ್ನು ಕೊಟ್ಟಂತಾಗುತ್ತದೆ.

ಉಪಕರಣದ ಒಳಗೆ

ಒಂದು ಲೋಹದ ಕೊಳವೆ, ಅದರೊಳಗೆ ಸ್ಪ್ರಿಂಗ್, ಸ್ಪ್ರಿಂಗಿಗೆ ತಾಗಿದ ಚಪ್ಪಟೆ ತುದಿಯ ಪಿಸ್ಟನ್. ಸಾಮಾನ್ಯ ಮಾದರಿಯಲ್ಲಿ ಪಿಸ್ಟನ್ನಿನ ವ್ಯಾಸ 6.35 ಮಿಲಿಮೀಟರ್, ಅಂದರೆ ಕಾಲು ಅಂಗುಲ. ತುದಿಯಿಂದ ಅಷ್ಟೇ ದೂರದಲ್ಲಿ ಒಂದು ಗೀರು ಕೊರೆದಿರುತ್ತದೆ. ಗೀರು ಮಣ್ಣಿನ ಮಟ್ಟಕ್ಕೆ ಬರುವವರೆಗೆ ಒತ್ತಬೇಕು. ಒತ್ತಿದಂತೆ ಸ್ಪ್ರಿಂಗ್ ಕುಗ್ಗುತ್ತದೆ. ಹೂಕ್ ನಿಯಮದಂತೆ ಕುಗ್ಗಿದ ಉದ್ದ ಬಲಕ್ಕೆ ಅನುಪಾತದಲ್ಲಿರುತ್ತದೆ. ಹೊರಗಿನ ಚಿಕ್ಕ ಉಂಗುರವೊಂದು ಪಿಸ್ಟನ್ನಿನೊಂದಿಗೆ ಸರಿದು, ಕೈ ತೆಗೆದ ಮೇಲೂ ಗರಿಷ್ಠ ಓದಿನಲ್ಲೇ ನಿಲ್ಲುತ್ತದೆ. ಪಟ್ಟಿಯ ಮೇಲಿನ ಅಂಕಿಗಳು 0ಯಿಂದ 4.5ರವರೆಗೆ, ಪ್ರತಿ ಚದರ ಸೆಂಟಿಮೀಟರಿಗೆ ಕಿಲೋಗ್ರಾಂಗಳಲ್ಲಿ ಇರುತ್ತವೆ. ಇದನ್ನು 98ರಿಂದ ಗುಣಿಸಿದರೆ ಕಿಲೋಪಾಸ್ಕಲ್ ಸಿಗುತ್ತದೆ.

ಪಿಸ್ಟನ್ ಮಣ್ಣಿಗೆ ಇಳಿಯುವುದೂ ಒಂದು ಕಂಬದ ಪಾಯ ನೆಲಕ್ಕೆ ಕುಸಿಯುವುದೂ ಭೌತವಿಜ್ಞಾನದ ದೃಷ್ಟಿಯಲ್ಲಿ ಒಂದೇ. ಪಿಸ್ಟನ್ ಇಳಿಯಬೇಕಾದರೆ ಅದರ ಕೆಳಗಿನ ಮಣ್ಣು ಪಕ್ಕಕ್ಕೆ ಜಾರಿ ಮೇಲೆ ಉಬ್ಬಬೇಕು. 1920ರ ದಶಕದ ಆರಂಭದಲ್ಲಿ ಲುಡ್ವಿಗ್ ಪ್ರಾಂಟ್ಲ್ ಈ ಬಗೆಯ ಸೋಲನ್ನು ಗಣಿತದಿಂದ ಬಿಡಿಸಿದ. ಉದ್ದನೆಯ ಪಟ್ಟಿಯೊಂದು ಮೆತ್ತನೆಯ ವಸ್ತುವಿನೊಳಗೆ ಇಳಿಯಲು ಬೇಕಾದ ಒತ್ತಡ, ಶಿಯರ್ ಸಾಮರ್ಥ್ಯದ 5.14ರಷ್ಟು, ಅಂದರೆ 2 ಕೂಡಿಸು ಪೈ. ದುಂಡನೆಯ ಪಾಯಕ್ಕೆ ಈ ಗುಣಾಂಕ ಮೇಲ್ಮೈಯಲ್ಲಿ ಸುಮಾರು 6.2, ವ್ಯಾಸದಷ್ಟು ಆಳಕ್ಕೆ ಇಳಿದಾಗ ಸುಮಾರು 7.7 ಎಂದು ಸ್ಕೆಂಪ್ಟನ್ 1951ರಲ್ಲಿ ಕೊಟ್ಟ. ಈಗ ಒಂದು ಲೆಕ್ಕ ಮಾಡೋಣ. ಪಿಸ್ಟನ್ನಿನ ವಿಸ್ತೀರ್ಣ 0.317 ಚದರ ಸೆಂಟಿಮೀಟರ್. ಓದು 4.5 ಆದರೆ ಶಿಯರ್ ಸಾಮರ್ಥ್ಯ 2.25. ಇದನ್ನು 7.7ರಿಂದಲೂ 0.317ರಿಂದಲೂ ಗುಣಿಸಿದರೆ ಸುಮಾರು 5.5 ಕಿಲೋಗ್ರಾಂ ತೂಕದ ಬಲ ಬರುತ್ತದೆ. ಹೆಬ್ಬೆರಳೂ ಅಂಗೈಯೂ ಸೇರಿ ಸಲೀಸಾಗಿ ಕೊಡಬಲ್ಲ ಬಲ! ಉಪಕರಣ ಜೇಬಿಗೆ ಹಿಡಿಸುವ ಗುಟ್ಟು ಇಲ್ಲಿದೆ.

ತೀರ ಮೆತ್ತನೆಯ ಕೆಸರಿಗೆ 25.4 ಮಿ.ಮೀ. ವ್ಯಾಸದ ಬಿಲ್ಲೆಯೊಂದನ್ನು ತುದಿಗೆ ಸಿಕ್ಕಿಸುತ್ತಾರೆ. ವ್ಯಾಸ ನಾಲ್ಕು ಪಟ್ಟು, ವಿಸ್ತೀರ್ಣ ಹದಿನಾರು ಪಟ್ಟು. ಆದ್ದರಿಂದ ಓದನ್ನು 16ರಿಂದ ಭಾಗಿಸಬೇಕು.

ಬಳಸುವ ಕ್ರಮ

1. ಮಣ್ಣಿನ ಹೊಸ ಮುಖವನ್ನು ಆರಿಸಿ. ಕಂದಕದ ಹೊರಗೆ ನಿಂತೇ, ಅಗೆಯುವ ಯಂತ್ರ ಆಗಷ್ಟೇ ಎತ್ತಿ ಹಾಕಿದ ದೊಡ್ಡ ಹೆಂಟೆಯ ಮೇಲೆ ಪರೀಕ್ಷಿಸಬಹುದು. ಆಧಾರವಿಲ್ಲದ ಕಂದಕದೊಳಗೆ ಅಳತೆಗೆಂದು ಇಳಿಯಲೇಬಾರದು.

2. ಹೆಂಟೆಯ ಮೇಲಿನ ಒಣಪದರವನ್ನು ಕೆರೆದು ತೆಗೆದು, ಚಾಕುವಿನಿಂದ ಸಪಾಟು ಮಾಡಿ. ಕಲ್ಲು, ಬೇರು ಇರುವ ಜಾಗ ಬಿಡಿ.

3. ಉಂಗುರವನ್ನು ಸೊನ್ನೆಗೆ ತನ್ನಿ. ಉಪಕರಣವನ್ನು ಮುಖಕ್ಕೆ ಲಂಬವಾಗಿ ಹಿಡಿಯಿರಿ. ಓರೆಯಾದರೆ ಪಿಸ್ಟನ್ ಕೊಳವೆಗೆ ಉಜ್ಜಿ ಓದು ಕೆಡುತ್ತದೆ.

4. ಒಂದೇ ಸಮನಾದ ವೇಗದಲ್ಲಿ, ಜರ್ಕು ಕೊಡದೆ ಒತ್ತಿ. ಗೀರು ಮಣ್ಣಿಗೆ ತಾಗಿದಾಗ ನಿಲ್ಲಿಸಿ. ಜರ್ಕು ಕೊಟ್ಟರೆ ಉಂಗುರ ಜಡತ್ವದಿಂದ ಮುಂದಕ್ಕೆ ಜಾರಿ ಹೆಚ್ಚಿನ ಅಂಕಿ ತೋರಿಸುತ್ತದೆ.

5. ಕನಿಷ್ಠ ಐದಾರು ಕಡೆ ಅಳೆಯಿರಿ. ಎರಡು ಗುರುತುಗಳ ನಡುವೆ, ಹಾಗೆಯೇ ಹೆಂಟೆಯ ಅಂಚಿನಿಂದ, ಸಾಕಷ್ಟು ಅಂತರವಿರಲಿ. ಕಲ್ಲಿಗೆ ತಾಗಿದ ಓದನ್ನು ಬಿಡಿ. ಆದರೆ ಕಡಿಮೆ ಬಂದ ಓದನ್ನು ಇಷ್ಟವಾಗಲಿಲ್ಲವೆಂದು ಬಿಡಬೇಡಿ. ಮಣ್ಣು ಮೊದಲು ಸೋಲುವುದು ದುರ್ಬಲ ಜಾಗದಲ್ಲೇ.

6. ಓದಿನ ಜೊತೆಗೆ ಆಳ, ತೇವ, ಬಣ್ಣ, ಬಿರುಕು, ದಿನ, ವೇಳೆ, ಹಿಂದಿನ ದಿನದ ಮಳೆ - ಎಲ್ಲವನ್ನೂ ಬರೆದಿಡಿ.

ಬಂದ ಅಂಕಿಗೆ ಅರ್ಥ ಕೊಡಲು ಟರ್ಜಾಗಿ ಮತ್ತು ಪೆಕ್ ಅವರ ಕಾಲದಿಂದ ಬಳಕೆಯಲ್ಲಿರುವ ವರ್ಗೀಕರಣ ಹೀಗಿದೆ. ಮುಕ್ತ ಸಂಪೀಡನ ಸಾಮರ್ಥ್ಯ 0.25ಕ್ಕಿಂತ ಕಡಿಮೆಯಾದರೆ ಅತಿ ಮೃದು. 0.25ರಿಂದ 0.5 ಮೃದು. 0.5ರಿಂದ 1 ಮಧ್ಯಮ. 1ರಿಂದ 2 ಬಿಗಿ. 2ರಿಂದ 4 ಬಹಳ ಬಿಗಿ. 4ಕ್ಕಿಂತ ಹೆಚ್ಚಾದರೆ ಗಟ್ಟಿ. ಮೃದು ಮಣ್ಣಿನಲ್ಲಿ ಹೆಬ್ಬೆರಳು ಸುಲಭವಾಗಿ ಇಳಿಯುತ್ತದೆ. ಬಹಳ ಬಿಗಿಯಾದ ಮಣ್ಣಿನಲ್ಲಿ ಉಗುರಿನ ಗುರುತು ಮಾತ್ರ ಮೂಡುತ್ತದೆ. ವಿದ್ಯಾರ್ಥಿಗಳು ಮೊದಲು ಹೆಬ್ಬೆರಳಿನಿಂದ ಅಂದಾಜು ಹೇಳಿ, ಆಮೇಲೆ ಉಪಕರಣದಿಂದ ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ತಿರುಗಿಸಿ ಅಳೆಯುವ ಬಗೆ

ಇನ್ನೊಂದು ಅಂಗೈ ಉಪಕರಣ ವೇನ್. ಕೂಡು ಚಿಹ್ನೆಯ ಆಕಾರದಲ್ಲಿ ಜೋಡಿಸಿದ ನಾಲ್ಕು ತೆಳು ಅಲಗುಗಳನ್ನು ಮಣ್ಣಿಗೆ ಚುಚ್ಚಿ, ಮೆಲ್ಲಗೆ ತಿರುಗಿಸಿ, ಮಣ್ಣಿನ ಸಿಲಿಂಡರೊಂದು ಕತ್ತರಿಸಿ ತಿರುಗಲು ಬೇಕಾದ ತಿರುಚುಬಲವನ್ನು ಅಳೆಯುತ್ತಾರೆ. ಇದರ ತವರು ಸ್ವೀಡನ್. ಅಲ್ಲಿಯ ಮೆದು ಜೇಡಿನೆಲದಲ್ಲಿ ರೈಲು ಹಳಿಗಳು ಜಾರುತ್ತಿದ್ದುದರಿಂದ ರೈಲ್ವೆ ಇಲಾಖೆಯ ಭೂತಾಂತ್ರಿಕ ಆಯೋಗವೊಂದು 1914ರಿಂದ 1922ರವರೆಗೆ ಕೆಲಸ ಮಾಡಿತು. ಆ ನಡುವೆಯೇ, 1918ರ ಅಕ್ಟೋಬರ್ 1ರಂದು ಯೆಟೋ ಎಂಬಲ್ಲಿ ಹಳಿಯ ದಿಬ್ಬ ಜಾರಿ ರೈಲು ಉರುಳಿ ಕನಿಷ್ಠ 42 ಮಂದಿ ಸತ್ತರು. ಮರುವರ್ಷ, 1919ರಲ್ಲಿ, ಜಾನ್ ಓಲ್ಸನ್ ವೇನ್ ಪರೀಕ್ಷೆಯನ್ನು ಬಳಸಿದ. ಅದಕ್ಕೆ ಇಂದಿನ ರೂಪ ಬಂದದ್ದು 1950ರಲ್ಲಿ ಪ್ರಕಟವಾದ ಕ್ಯಾಡ್ಲಿಂಗ್ ಮತ್ತು ಓಡೆನ್‌ಸ್ಟಾಡ್ ಅವರ ಕೆಲಸದಿಂದ.

ಅಲಗಿನ ಎತ್ತರ ವ್ಯಾಸದ ಎರಡರಷ್ಟಿದ್ದರೆ, ಸಿಲಿಂಡರಿನ ಪಕ್ಕ ಹಾಗೂ ಎರಡು ತುದಿಗಳ ತಡೆಯನ್ನು ಕೂಡಿಸಿದಾಗ ಒಟ್ಟು ತಿರುಚುಬಲ ಹೀಗೆ ಬರುತ್ತದೆ: ಏಳನೆಯ ಆರು ಅಲ್ಲ, ಆರನೆಯ ಏಳು (7/6) × ಪೈ × ವ್ಯಾಸದ ಘನ × ಶಿಯರ್ ಸಾಮರ್ಥ್ಯ. ಇಲ್ಲಿ ಗಮನಿಸಬೇಕಾದ್ದು ವ್ಯಾಸದ ಘನ. ಅಂಗೈ ವೇನಿನೊಂದಿಗೆ ಸಾಮಾನ್ಯವಾಗಿ 16, 20 ಮತ್ತು 25.4 ಮಿ.ಮೀ. ವ್ಯಾಸದ ಮೂರು ಅಲಗುಗಳಿರುತ್ತವೆ. ಘನಗಳನ್ನು ಲೆಕ್ಕ ಹಾಕಿದರೆ 4096, 8000 ಮತ್ತು 16387. ಸುಮಾರಾಗಿ 1, 2, 4ರ ಅನುಪಾತ. ಆದ್ದರಿಂದಲೇ 20 ಮಿ.ಮೀ. ಅಲಗಿನ ಓದು ನೇರ, ಚಿಕ್ಕದಕ್ಕೆ ಎರಡರಿಂದ ಗುಣಿಸು, ದೊಡ್ಡದಕ್ಕೆ ಎರಡರಿಂದ ಭಾಗಿಸು ಎಂಬ ನಿಯಮ. ವೇನ್ ಕೊಡುವುದು ನೇರವಾಗಿ ಶಿಯರ್ ಸಾಮರ್ಥ್ಯ. ಇಲ್ಲಿ ಅರ್ಧ ಮಾಡುವಂತಿಲ್ಲ. ಎರಡು ಉಪಕರಣಗಳ ಓದನ್ನು ಹೋಲಿಸುವಾಗ ಈ ಭೇದ ನೆನಪಿರಲಿ.

ಪಾಲನೆ ಮತ್ತು ತಾಳೆ

ಅಳೆಯುವ ಉಪಕರಣ ಸದ್ದಿಲ್ಲದೆ ಕೆಡುತ್ತದೆ. ಕೆಟ್ಟ ಮೇಲೂ ಅಂಕಿ ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಪಾಲನೆ ಎಂದರೆ ಒರೆಸಿಡುವುದಷ್ಟೇ ಅಲ್ಲ, ಆಗಾಗ ತಾಳೆ ನೋಡುವುದೂ ಹೌದು.

ಕೆಲಸ ಮುಗಿದೊಡನೆ, ಜೇಡಿ ಒಣಗುವ ಮುನ್ನ, ಪಿಸ್ಟನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಒಣಬಟ್ಟೆಯಿಂದ ಒರೆಸಿ. ಪಿಸ್ಟನ್ ಮತ್ತು ಕೊಳವೆಯ ನಡುವೆ ಸಿಕ್ಕ ಧೂಳು ಘರ್ಷಣೆ ಹೆಚ್ಚಿಸಿ ಓದನ್ನು ಬದಲಿಸುತ್ತದೆ. ತೆಳುವಾದ ಯಂತ್ರದೆಣ್ಣೆ ಒಂದೆರಡು ಹನಿ ಸಾಕು. ಗ್ರೀಸ್ ಬೇಡ, ಅದು ಧೂಳನ್ನು ಹಿಡಿದಿಡುತ್ತದೆ. ಸ್ಪ್ರಿಂಗ್ ಕುಗ್ಗಿದ ಸ್ಥಿತಿಯಲ್ಲಿ ಎತ್ತಿಡಬೇಡಿ. ಪಟ್ಟಿಯ ಕೊನೆ ಮುಟ್ಟಿದ ಮೇಲೂ ಒತ್ತಬೇಡಿ. ಉಂಗುರ ತಾನಾಗಿ ಜಾರುವಷ್ಟು ಸಡಿಲವಾಗಿದ್ದರೆ ಬದಲಿಸಿ.

ಪಿಸ್ಟನ್ನಿನ ತುದಿಯನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಸವೆದು 6.35ರ ಬದಲು 6.15 ಮಿ.ಮೀ. ಆಗಿದ್ದರೆ ವಿಸ್ತೀರ್ಣ ಶೇ. 6ರಷ್ಟು ಕಡಿಮೆಯಾಗಿರುತ್ತದೆ, ಓದೂ ಅಷ್ಟೇ ಕಡಿಮೆ ಬರುತ್ತದೆ. ವ್ಯಾಸದ ತಪ್ಪು ವಿಸ್ತೀರ್ಣದಲ್ಲಿ ಇಮ್ಮಡಿಯಾಗುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಸ್ಪ್ರಿಂಗಿನ ತಾಳೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪೆನಿಟ್ರೋಮೀಟರನ್ನು ತಕ್ಕಡಿಯ ತಟ್ಟೆಯ ಮೇಲೆ ಲಂಬವಾಗಿ ಇಟ್ಟು, ಓದು 1, 2, 3, 4 ಬರುವವರೆಗೆ ಒತ್ತುತ್ತಾ ತಕ್ಕಡಿಯ ತೂಕ ಬರೆದುಕೊಳ್ಳಿ. ನಕ್ಷೆ ಬರೆದರೆ ಸರಳರೇಖೆ ಬರಬೇಕು. ರೇಖೆ ಬಾಗಿದರೆ ಎಲ್ಲೋ ಉಜ್ಜುತ್ತಿದೆ. ಓರೆ ಕಳೆದ ವರ್ಷಕ್ಕಿಂತ ಬದಲಾಗಿದ್ದರೆ ಸ್ಪ್ರಿಂಗ್ ಸೋತಿದೆ. ಉಪಕರಣ ಕೊಂಡ ದಿನವೇ ಈ ನಕ್ಷೆ ಬರೆದು ಪೆಟ್ಟಿಗೆಯೊಳಗೆ ಇಟ್ಟರೆ ಮುಂದೆ ಹೋಲಿಸಲು ಅನುಕೂಲ.

ವೇನಿಗೆ ತೂಕದ ಬದಲು ತಿರುಚುಬಲ ಬೇಕು. ವೇನನ್ನು ಅಡ್ಡಲಾಗಿ ಹಿಡಿತಕ್ಕೆ ಸಿಕ್ಕಿಸಿ, ಅದರ ದಂಡಕ್ಕೆ 30 ಸೆಂ.ಮೀ. ಉದ್ದದ ತೋಳೊಂದನ್ನು ಕಟ್ಟಿ, ತೋಳು ಮಟ್ಟವಾಗಿರುವಾಗ ತುದಿಗೆ 1 ಕಿ.ಗ್ರಾಂ. ತೂಗುಹಾಕಿ. ತೋಳಿನದೇ ತೂಕ ಲೆಕ್ಕಕ್ಕೆ ಬಾರದಂತೆ ಇನ್ನೊಂದು ಬದಿಯಲ್ಲಿ ಸರಿದೂಗಿಸಿರಬೇಕು. ತಿರುಚುಬಲ 2.94 ನ್ಯೂಟನ್ ಮೀಟರ್. ಮೇಲಿನ ಸೂತ್ರದಲ್ಲಿ 20 ಮಿ.ಮೀ. ಅಲಗಿನ ಬೆಲೆ ಹಾಕಿದರೆ ಇದು ಸರಿಯಾಗಿ 100 ಕಿಲೋಪಾಸ್ಕಲ್‌ಗೆ ಹೊಂದುತ್ತದೆ. ಮುಳ್ಳು ಅಲ್ಲಿಗೆ ಬಂದರೆ ಉಪಕರಣ ಸರಿಯಿದೆ. ಬಾಗಿದ ಅಲಗನ್ನು ಮಾತ್ರ ಬಳಸಬೇಡಿ. ಅದು ಚುಚ್ಚುವಾಗಲೇ ಮಣ್ಣನ್ನು ಕಲಕಿಬಿಡುತ್ತದೆ.

ಉಪಕರಣವಿಲ್ಲದ ಶಾಲೆಗಳೂ ಪ್ರಯೋಗ ಮಾಡಬಹುದು. ಹದವಾದ ಜೇಡಿಮಣ್ಣನ್ನು ಬಟ್ಟಲಲ್ಲಿ ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. 6 ಮಿ.ಮೀ. ವ್ಯಾಸದ ಚಪ್ಪಟೆ ತುದಿಯ ಸರಳನ್ನು 6 ಮಿ.ಮೀ. ಆಳಕ್ಕೆ ಒತ್ತಿ. ತಕ್ಕಡಿ 1 ಕಿ.ಗ್ರಾಂ. ತೋರಿಸಿದರೆ, 0.283 ಚದರ ಸೆಂ.ಮೀ.ನಿಂದಲೂ 7.7ರಿಂದಲೂ ಭಾಗಿಸಿ. ಶಿಯರ್ ಸಾಮರ್ಥ್ಯ ಸುಮಾರು 0.46, ಮುಕ್ತ ಸಂಪೀಡನ ಸಾಮರ್ಥ್ಯ ಸುಮಾರು 0.92. ಮಣ್ಣಿಗೆ ಚಮಚ ಚಮಚವಾಗಿ ನೀರು ಬೆರೆಸಿ ಮತ್ತೆ ಅಳೆದರೆ ಬಲ ಹೇಗೆ ಇಳಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅಂಕಿ ಎಲ್ಲಿಯವರೆಗೆ ನಿಜ?

ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ಎರೆಮಣ್ಣಿನ ಪ್ರದೇಶದ ಕಟ್ಟಡದ ಕೆಲಸವೊಂದನ್ನು ನೋಡಲು ಹೋಗಿದ್ದೆ. ಎರಡು ದಿನ ಬಿಸಿಲಿಗೆ ಒಡ್ಡಿಕೊಂಡಿದ್ದ ಅಗೆತದ ಅಂಚಿನಲ್ಲಿ ನಾನೇ ಒತ್ತಿ ತೋರಿಸಿದೆ. ಉಂಗುರ ಪಟ್ಟಿಯ ಕೊನೆ ಮುಟ್ಟಿತು. 'ನೋಡಿ, ಗಟ್ಟಿ' ಎಂದೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಮೇಸ್ತ್ರಿ ಮಾತಾಡದೆ ಕರಣೆಯಿಂದ ನಾಲ್ಕು ಬೆರಳಷ್ಟು ಮಣ್ಣು ಕೆರೆದು ತೆಗೆದರು. 'ಸಾರ್, ನೀವು ಒತ್ತಿದ್ದು ಹಪ್ಪಳ. ಈಗ ಒತ್ತಿ' ಎಂದರು. ಪಿಸ್ಟನ್ ಸಲೀಸಾಗಿ ಒಳಗಿಳಿಯಿತು. ಉಪಕರಣ ಎರಡು ಸಲವೂ ಸರಿಯಾಗಿಯೇ ಹೇಳಿತ್ತು; ಪ್ರಶ್ನೆ ಕೇಳಿದ ನಾನು ತಪ್ಪಿದ್ದೆ.

ಒಣಗಿದ ಎರೆಮಣ್ಣಿನ ಬಲ ಬಹುಪಾಲು ಎರವಲಿನದು. ಸೂಕ್ಷ್ಮರಂಧ್ರಗಳಲ್ಲಿ ಉಳಿದ ನೀರು ಕಣಗಳನ್ನು ಒಳಕ್ಕೆ ಸೆಳೆದು ಹಿಡಿದಿರುತ್ತದೆ. ಮಳೆ ಬಿದ್ದು ರಂಧ್ರಗಳು ತುಂಬಿದಾಗ ಆ ಸೆಳೆತ ಹೋಗುತ್ತದೆ. ಮಣ್ಣು ಅದೇ, ಬಲ ಬೇರೆ. ಬೇಸಿಗೆಯ ಓದನ್ನು ಮಳೆಗಾಲಕ್ಕೆ ಒಯ್ಯಲಾಗದು.

ಕಂದಕದ ವಿಚಾರದಲ್ಲಿ ಇದು ಸಾವು ಬದುಕಿನ ಪ್ರಶ್ನೆ. ಓದು 0.5 ಎಂದು ಇಟ್ಟುಕೊಳ್ಳೋಣ. ಶಿಯರ್ ಸಾಮರ್ಥ್ಯ ಸುಮಾರು 24.5 ಕಿಲೋಪಾಸ್ಕಲ್, ಘನ ಮೀಟರಿಗೆ ಮಣ್ಣಿನ ತೂಕ 18 ಕಿಲೋನ್ಯೂಟನ್. ಪಠ್ಯಪುಸ್ತಕದ ಸೂತ್ರದಂತೆ ನೆಟ್ಟಗೆ ನಿಲ್ಲಬಲ್ಲ ಎತ್ತರ, ಸಾಮರ್ಥ್ಯದ ನಾಲ್ಕರಷ್ಟನ್ನು ತೂಕದಿಂದ ಭಾಗಿಸಿದರೆ, 5.4 ಮೀಟರ್! ಆದರೆ ಅಮೆರಿಕದಲ್ಲಿ 1989ರಲ್ಲಿ ಬಂದ ಅಗೆತ ಸುರಕ್ಷತಾ ನಿಯಮ ಇದೇ ಮಣ್ಣನ್ನು ಅತಿ ದುರ್ಬಲ ವರ್ಗಕ್ಕೆ ಸೇರಿಸುತ್ತದೆ. ಇಳಿಜಾರು ಕೊಟ್ಟು ಅಗೆಯುವುದಾದರೆ ಪ್ರತಿ 1 ಮೀಟರ್ ಆಳಕ್ಕೆ 1.5 ಮೀಟರ್ ಹಿಂದೆ ಸರಿಸಿ, ಸುಮಾರು 34 ಡಿಗ್ರಿ ಓರೆಯಲ್ಲಿ ಅಗೆಯಬೇಕು ಎನ್ನುತ್ತದೆ.

ಇಷ್ಟೊಂದು ಅಂತರವೇಕೆ? ಸೂತ್ರ ಊಹಿಸುವ ಮಣ್ಣಿಗೆ ಬಿರುಕಿಲ್ಲ, ಪದರವಿಲ್ಲ, ಕಾಲವೂ ಇಲ್ಲ. ನಿಜವಾದ ಮಣ್ಣಿನಲ್ಲಿ ಅಂಚಿನ ಹಿಂದೆ ಬಿರುಕು ಬಾಯಿಬಿಡುತ್ತದೆ. ಅದರಲ್ಲಿ ನೀರು ತುಂಬಿದರೆ ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಅಗೆದೊಡನೆ ಪಕ್ಕದ ಒತ್ತಡ ಇಳಿದು ಗೋಡೆಯೊಳಗೆ ತಾತ್ಕಾಲಿಕ ಸೆಳೆತ ಹುಟ್ಟುತ್ತದೆ. ಗೋಡೆ ನಿಂತಿರುವುದೇ ಅದರ ಬಲದಿಂದ. ಗಂಟೆಗಳು, ದಿನಗಳು ಕಳೆದಂತೆ ನೀರು ಒಳಸರಿದು ಸೆಳೆತ ಕರಗುತ್ತದೆ. ಬೆಳಗ್ಗೆ ನಿಂತ ಗೋಡೆ ಮಧ್ಯಾಹ್ನ ಕುಸಿಯುವುದರ ಕಾರಣಗಳಲ್ಲಿ ಇದೊಂದು. ಪಿಸ್ಟನ್ ಅಳೆಯುವುದು ಉಗುರಿನಗಲದ ಮಣ್ಣನ್ನು; ಬಿರುಕು ಇರುವುದು ಮೊಳದಾಚೆ. ಆದ್ದರಿಂದಲೇ ಅದೇ ನಿಯಮ ಕೈಯಿಂದ ಮಾಡುವ ಒಂದು ಪರೀಕ್ಷೆಯ ಜೊತೆಗೆ ಕಣ್ಣಿನಿಂದ ಮಾಡುವ ಒಂದು ಪರೀಕ್ಷೆಯಾದರೂ ಇರಲೇಬೇಕು ಎನ್ನುತ್ತದೆ. ಬಿರುಕುಬಿಟ್ಟ ಮಣ್ಣು, ಓದು ಎಷ್ಟೇ ಬರಲಿ, ಮೇಲಿನ ವರ್ಗಕ್ಕೆ ಸೇರುವುದಿಲ್ಲ.

ವೇನಿಗೂ ಮಿತಿಯಿದೆ. ಅದರ ಪರೀಕ್ಷೆ ನಿಮಿಷಗಳಲ್ಲಿ ಮುಗಿಯುತ್ತದೆ. ದಿಬ್ಬ ಜಾರಲು ದಿನಗಳು, ವಾರಗಳು ಹಿಡಿಯಬಹುದು. ಬೇಗ ಕತ್ತರಿಸಿದಾಗ ಜೇಡಿ ಹೆಚ್ಚು ಬಲ ತೋರಿಸುತ್ತದೆ. ಹೆಚ್ಚು ಜಿಗುಟಿನ ಜೇಡಿಗೆ ವೇನಿನ ಓದನ್ನು ತಗ್ಗಿಸಿ ಬಳಸಬೇಕೆಂದು ಬ್ಯೆರುಮ್ 1972ರಲ್ಲಿ ಸೂಚಿಸಿದ.

ನಮ್ಮಲ್ಲಿ ಸ್ಥಳದಲ್ಲೇ ಮಾಡುವ ವೇನ್ ಪರೀಕ್ಷೆಗೆ ಐ.ಎಸ್. 4434, ಮುಕ್ತ ಸಂಪೀಡನ ಪರೀಕ್ಷೆಗೆ ಐ.ಎಸ್. 2720ರ 10ನೆಯ ಭಾಗ, ಅಗೆತದ ಸುರಕ್ಷತೆಗೆ ಐ.ಎಸ್. 3764 ಮಾನಕಗಳಿವೆ. ಜೇಬಿನ ಉಪಕರಣ ಇವುಗಳ ಬದಲಿಯಲ್ಲ. ಎಲ್ಲಿ ಹೆಚ್ಚು ಎಚ್ಚರ ಬೇಕು, ಎಲ್ಲಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಬೆರಳು ತೋರಿಸುವುದು ಅದರ ಕೆಲಸ. ಕಡಿಮೆ ಓದು ಬಂದರೆ ತಕ್ಷಣ ನಂಬಿ, ಕೆಲಸ ನಿಲ್ಲಿಸಿ, ಆಧಾರ ಕೊಡಿಸಿ. ಹೆಚ್ಚಿನ ಓದು ಬಂದರೆ ಮೊದಲು ಮಣ್ಣನ್ನು ನಾಲ್ಕು ಬೆರಳು ಕೆರೆಯಿರಿ, ಅಂಚಿನ ಹಿಂದೆ ಬಿರುಕಿದೆಯೇ ನೋಡಿ, ನಿನ್ನೆ ಮಳೆ ಬಂದಿತ್ತೇ ಕೇಳಿ. ಆಮೇಲೆ ಇನ್ನೊಮ್ಮೆ ಒತ್ತಿ.